ಕೆಲಸದ ಜಾಹೀರಾತು ಯಾರ ಕಣ್ಣಿಗೆ?

ಪತ್ರಿಕೆಯಲ್ಲಿ ಅಚ್ಚಾಗುವ ‘ಬೇಕಾಗಿದ್ದಾರೆ’ ಎಂಬ ಪ್ರಕಟಣೆಗೆ ಒಂದು ಗುಣವುಂಟು. ಪತ್ರಿಕೆಯನ್ನು ಕೊಂಡವರೂ ಅದನ್ನು ಓದಬಹುದು, ವಾಚನಾಲಯದಲ್ಲಿ ತಿರುವಿಹಾಕಿದವರೂ ಓದಬಹುದು. ಪೊಟ್ಟಣ ಕಟ್ಟಿದ ಹಳೆಯ ಹಾಳೆಯಲ್ಲಿಯೂ ಅದು ಯಾರ ಕಣ್ಣಿಗಾದರೂ ಬಿದ್ದೀತು. ಇಂದು ತರುಣರನ್ನು ಕೆಲಸಕ್ಕೆ ಕರೆಯುವ ಸಂಸ್ಥೆಗಳು ಸಾಮಾಜಿಕ ಜಾಲತಾಣಗಳನ್ನು ಆಶ್ರಯಿಸುತ್ತಿವೆ. ಅಲ್ಲಿನ ಜಾಹೀರಾತು ಎಲ್ಲರೆದುರು ತೂಗುಹಾಕಿದ ಫಲಕವಲ್ಲ. ಆಯ್ದವರ ಫೋನಿಗಷ್ಟೇ ಬಂದು ಸೇರುವ ಓಲೆ. ಹಾಗಾದರೆ ಆಯುವವರು ಯಾರು?

ಮೊದಲನೆಯವರು, ಹಣ ಕೊಡುವ ಸಂಸ್ಥೆಯವರು. ಅಮೆರಿಕದ ವೆರಿಝಾನ್ ಎಂಬ ದೂರಸಂಪರ್ಕ ಕಂಪನಿಯು ಹಣಕಾಸು ವಿಭಾಗದ ಕೆಲಸಗಳಿಗಾಗಿ ಫೇಸ್‌ಬುಕ್‌ನಲ್ಲಿ ನೀಡಿದ್ದ ಜಾಹೀರಾತೊಂದನ್ನು 25ರಿಂದ 36 ವರ್ಷದವರಿಗೆ ಮಾತ್ರ ಗೊತ್ತುಮಾಡಿತ್ತೆಂಬ ಸಂಗತಿಯನ್ನು 2017ರ ಡಿಸೆಂಬರಿನಲ್ಲಿ ಪ್ರೊಪಬ್ಲಿಕಾ ಮತ್ತು ನ್ಯೂಯಾರ್ಕ್ ಟೈಮ್ಸ್ ಬಯಲಿಗೆ ತಂದವು. ನಲವತ್ತು ತುಂಬಿದವರಿಗೆ ವಯಸ್ಸಿನ ನೆಪದಿಂದ ಕೆಲಸ ನಿರಾಕರಿಸುವುದನ್ನು ಆ ದೇಶದ 1967ರ ಕಾನೂನು ನಿಷೇಧಿಸುತ್ತದೆ. ಆದರೆ ತನ್ನ ಕಣ್ಣಿಗೇ ಬೀಳದ ಜಾಹೀರಾತಿನ ಮೇಲೆ ಯಾರು ತಾನೆ ದೂರು ಕೊಟ್ಟಾರು? ವ್ಯಾಜ್ಯಗಳು ನಡೆದ ಮೇಲೆ, 2019ರ ಮಾರ್ಚಿನಲ್ಲಿ, ಉದ್ಯೋಗದ ಜಾಹೀರಾತುಗಳನ್ನು ವಯಸ್ಸು, ಲಿಂಗಗಳಿಗನುಸಾರವಾಗಿ ಗೊತ್ತುಮಾಡುವ ಅವಕಾಶವನ್ನು ಅಮೆರಿಕದಲ್ಲಿ ತೆಗೆದುಹಾಕಲು ಫೇಸ್‌ಬುಕ್ ಒಪ್ಪಿತು.

ಇಲ್ಲಿಗೆ ತೊಡಕು ಬಿಡಿಸಿತೆಂದು ವಾಚಕರಿಗೆ ತೋರಬಹುದು. ಆದರೆ ಆಯುವ ಕೈ ಇನ್ನೊಂದುಂಟು; ಅದು ಯಂತ್ರದ್ದು. ಫೋನಿನ ತೆರೆಯಲ್ಲಿ ಜಾಹೀರಾತಿಗೆಂದು ತೆರವಾಗುವ ಪ್ರತಿಯೊಂದು ಜಾಗಕ್ಕೂ ಕಣ್ಣೆವೆ ಇಕ್ಕುವಷ್ಟರಲ್ಲಿ ಹರಾಜು ನಡೆದುಹೋಗುತ್ತದೆ. ಕೂಗಿದ ಬೆಲೆಯೊಂದೇ ಅಲ್ಲಿ ಸಾಲದು. ಈ ವ್ಯಕ್ತಿ ಇದನ್ನು ಒತ್ತಿ ನೋಡುವ ಸಂಭವವೆಷ್ಟು ಎಂಬ ಯಂತ್ರದ ಅಂದಾಜೂ ಲೆಕ್ಕಕ್ಕೆ ಸೇರುತ್ತದೆ.

ಅಂಜಾ ಲ್ಯಾಂಬ್ರೆಕ್ಟ್ ಮತ್ತು ಕ್ಯಾಥರೀನ್ ಟಕರ್ ಎಂಬ ಸಂಶೋಧಕಿಯರು ವಿಜ್ಞಾನ ಮತ್ತು ತಂತ್ರವಿದ್ಯೆಯ ಉದ್ಯೋಗಗಳ ಜಾಹೀರಾತೊಂದನ್ನು 191 ದೇಶಗಳಲ್ಲಿ, ಸ್ತ್ರೀಪುರುಷ ಭೇದವನ್ನು ಸೂಚಿಸದೆ, ಪ್ರಕಟಿಸಿ ನೋಡಿದರು. 2019ರಲ್ಲಿ ಅಚ್ಚಾದ ಅವರ ಲೇಖನದಂತೆ, ಅದನ್ನು ಕಂಡ ಗಂಡಸರ ಸಂಖ್ಯೆ ಹೆಂಗಸರದಕ್ಕಿಂತ ಶೇಕಡ 20ಕ್ಕೂ ಮಿಗಿಲು. ಹೆಂಗಸರಿಗೆ ಆಸಕ್ತಿಯಿಲ್ಲವೆನ್ನುವಂತಿಲ್ಲ; ಕಂಡ ಹೆಂಗಸರು ಗಂಡಸರಿಗಿಂತ ಹೆಚ್ಚಾಗಿಯೇ ಒತ್ತಿ ನೋಡಿದ್ದರು. ಕಾರಣವಿದ್ದದ್ದು ಬೆಲೆಯಲ್ಲಿ. ಇತರ ಜಾಹೀರಾತುದಾರರು ತರುಣಿಯರ ಗಮನಕ್ಕಾಗಿ ಹೆಚ್ಚು ಬೆಲೆ ಕೂಗುವುದರಿಂದ ಅದು ತುಟ್ಟಿ. ಕೊಟ್ಟ ಹಣದಲ್ಲಿ ಆದಷ್ಟು ಹೆಚ್ಚು ಜನರನ್ನು ತಲಪಲು ಹೊರಟ ಯಂತ್ರವು ಅಗ್ಗವಾದ ಕಡೆಗೆ ತಿರುಗಿತು. ಕೆಡುಕೆಣಿಸಿದವರು ಯಾರೂ ಇಲ್ಲದೆಯೇ ಕೆಡುಕಾಯಿತು ಎಂಬುದೇ ನನಗೆ ಸೋಜಿಗ!

ಅದೇ 2019ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ ಬೇರೆ ಬೇರೆ ಉದ್ಯೋಗಗಳ ಜಾಹೀರಾತುಗಳನ್ನು ಒಂದೇ ಜನಸಮೂಹಕ್ಕೆ ಗೊತ್ತುಮಾಡಿ ಕೊಟ್ಟರು. ಮರ ಕಡಿಯುವ ಕೆಲಸದ ಜಾಹೀರಾತನ್ನು ಕಂಡವರಲ್ಲಿ ಶೇಕಡ 90ರವರೆಗೆ ಗಂಡಸರು. ಅಂಗಡಿಯ ಗಲ್ಲಾದ ಕೆಲಸದ್ದನ್ನು ಕಂಡವರಲ್ಲಿ ಶೇಕಡ 85ರವರೆಗೆ ಹೆಂಗಸರು. ಜನರು ಒತ್ತಿದ ರೀತಿಯಿಂದ ಯಂತ್ರ ಇದನ್ನು ಕಲಿತಿತೋ, ತಾನೇ ಊಹಿಸಿತೋ? ಇದನ್ನರಿಯಲು ಅವರು ಹೂಡಿದ ಉಪಾಯ ಸೊಗಸಾದುದು. ಗಂಡಸರಿಗೆ, ಹೆಂಗಸರಿಗೆ ಹಿಡಿಸುವುವೆಂದು ರೂಢಿಯಲ್ಲಿರುವ ಚಿತ್ರಗಳನ್ನು ಆರಿಸಿ, ಅವನ್ನು ಶೇಕಡ 98ರಷ್ಟು ಪಾರದರ್ಶಕವಾಗಿಸಿದರು. ಮನುಷ್ಯರ ಕಣ್ಣಿಗೆ ಅವೆಲ್ಲ ಬರಿಯ ಬಿಳಿಯ ಹಾಳೆ. ಯಂತ್ರಕ್ಕಾದರೋ ಅಂಕಿಗಳ ರೂಪದಲ್ಲಿ ಚಿತ್ರ ಉಳಿದೇ ಇತ್ತು. ಆದರೂ ಗಂಡಸರ ಚಿತ್ರ ಗಂಡಸರತ್ತಲೂ ಹೆಂಗಸರ ಚಿತ್ರ ಹೆಂಗಸರತ್ತಲೂ ವಾಲಿದುವು. ನೋಡುಗರು ಒಪ್ಪಿಯೋ ಒಲ್ಲದೆಯೋ ಬೆರಳೆತ್ತುವ ಮೊದಲೇ ಯಂತ್ರವು ಚಿತ್ರವನ್ನು ತಾನೇ ಓದಿಕೊಂಡು, ಯಾರಿಗೆ ತೋರಿಸಬೇಕೆಂದು ನಿಶ್ಚಯಿಸಿಬಿಟ್ಟಿತ್ತು.