ಕಲಿಸಲು ಬಂದವನು ಮೊದಲು ಕಲಿಯಬೇಕು

ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಕಲಘಟಗಿ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಇವರಲ್ಲಿದ್ದಾರೆ. ಮನೆಯಲ್ಲಿ ಕೊಂಕಣಿಗೆ ಹತ್ತಿರವಾದ ನುಡಿಯನ್ನಾಡುವ ಮಗು ಶಾಲೆಯಲ್ಲಿ ಕನ್ನಡದ ಪಾಠ ಕೇಳಬೇಕು. ಅದು ಮೌನವಾಗಿ ಕುಳಿತರೆ ದಡ್ಡತನವೆಂದು ಭಾವಿಸುವುದು ಸುಲಭ. ಆದರೆ ಆ ಮಗುವಿನ ಮಾತು ಶಿಕ್ಷಕರಿಗೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರವಿತ್ತ ಇಬ್ಬರು ಮಿಷನರಿಗಳು ಸ್ಮರಣೀಯರು. ಇಬ್ಬರೂ ಪ್ರೊಟೆಸ್ಟೆಂಟ್ ಸಭೆಗಳವರು. ಆದರೂ ಅವರ ಮಾದರಿ ನಮ್ಮೆಲ್ಲರದು. ಒಬ್ಬರು ದೂರದ ಅಮೆರಿಕದಲ್ಲಿ ದುಡಿದವರು, ಇನ್ನೊಬ್ಬರು ನಮ್ಮ ಮಗ್ಗುಲಲ್ಲೇ ಇದ್ದವರು.

ಸೈರಸ್ ಬೈಯಿಂಗ್ಟನ್ (1793–1868) ವಕೀಲಿ ವೃತ್ತಿಯನ್ನು ತೊರೆದು 1820ರ ಸುಮಾರಿಗೆ ಮಿಸಿಸಿಪ್ಪಿ ಪ್ರಾಂತದ ಚೋಕ್ಟಾ ಎಂಬ ಮೂಲನಿವಾಸಿಗಳ ನಡುವೆ ನೆಲೆಸಿದರು. ಅವರ ನುಡಿಯನ್ನು ಕಿವಿಯಿಂದ ಕೇಳಿ ಕಲಿತು, ಸಹೋದ್ಯೋಗಿ ಆಲ್ಫ್ರೆಡ್ ರೈಟ್ ಅವರೊಡನೆ ಆ ನುಡಿಯಲ್ಲೇ ಶಾಲಾಪುಸ್ತಕಗಳನ್ನು ಸಿದ್ಧಪಡಿಸಿದರು. 1830ರ ಒಪ್ಪಂದದಿಂದ ಚೋಕ್ಟಾ ಜನರು ನೆಲವನ್ನು ಕಳೆದುಕೊಂಡು ಪಶ್ಚಿಮಕ್ಕೆ ಸಾಗಬೇಕಾಯಿತು. ಚಳಿ, ಹಸಿವು, ಕಾಲರಾಗಳಿಗೆ ಸಾವಿರಾರು ಮಂದಿ ಬಲಿಯಾದರು. ಬೈಯಿಂಗ್ಟನ್ನರೂ ಆ ಜನರ ಹಿಂದೆಯೇ ಹೋದರು. ಅದೇ ಬಡ ಜನತೆ 1847ರಲ್ಲಿ, ಬರಗಾಲದಿಂದ ಸಾಯುತ್ತಿದ್ದ ಐರ್ಲೆಂಡಿನವರಿಗಾಗಿ ಹಣ ಕೂಡಿಸಿ ಕಳುಹಿಸಿತು. ಇಂತಹವರಿಗೆ ಕಲಿಸಲು ಹೋದವರು ಅವರಿಂದ ಕಲಿಯದೆ ಇರಲು ಸಾಧ್ಯವೇ? ಬೈಯಿಂಗ್ಟನ್ನರ ಚೋಕ್ಟಾ ನಿಘಂಟು ಅಚ್ಚಾದದ್ದು 1915ರಲ್ಲಿ, ಅವರು ನಿಧನರಾದ 47 ವರ್ಷಗಳ ತರುವಾಯ.

ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ (1832–1903) ಜರ್ಮನಿಯಿಂದ 1853ರಲ್ಲಿ ಬಂದು, ಆರಂಭದ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿದ್ದು ಕನ್ನಡ ಕಲಿತರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದರು. ಭಾಷಾವ್ಯಾಸಂಗಕ್ಕೆ ಇಷ್ಟೊಂದು ಸಮಯವೇಕೆಂಬ ಆಕ್ಷೇಪ ಮಿಷನ್ನಿನೊಳಗೇ ಇತ್ತು. ಆದರೂ ಅವರು ಕೈಬಿಡಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಪದಗಳ ಅವರ ನಿಘಂಟಿನಲ್ಲಿ ಕವಿಗಳ ಪ್ರಯೋಗಗಳ ಜೊತೆಯಲ್ಲೇ ಜನಸಾಮಾನ್ಯರ ಗಾದೆಗಳಿಗೂ ಸ್ಥಾನವಿದೆ. ಪಂಡಿತರಿಂದಲೂ ಪಾಮರರಿಂದಲೂ ಸಮಾನವಾಗಿ ಕಲಿತ ವಿದ್ಯಾರ್ಥಿಯ ಗುರುತು ಅದು.

ಧಾರವಾಡ ಜಿಲ್ಲೆಯ ಸಿದ್ದಿ ಜನರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತಿದೆ. ಕಾನೂನು ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಮಗುವನ್ನು ಒಳಗೆ ಕರೆಯುವ ಮಾತು ಶಿಕ್ಷಕರಿಂದಲೇ ಬರಬೇಕು. ನಿಘಂಟು ರಚಿಸುವ ಶಕ್ತಿ ಎಲ್ಲರಿಗೂ ಇರದು. ಆದರೆ ಕಾಡಂಚಿನ ಶಾಲೆಗಳಲ್ಲಿ ದುಡಿಯುವ ಗುರುಗಳು, ಧರ್ಮಭಗಿನಿಯರು, ಶಿಕ್ಷಕ ಶಿಕ್ಷಕಿಯರು ದಿನಕ್ಕೊಂದು ಸಿದ್ದಿ ಮಾತನ್ನು ಆ ಮಕ್ಕಳ ಬಾಯಿಂದಲೇ ಕಲಿಯಬಹುದಲ್ಲವೇ? ತನ್ನ ಮಾತನ್ನು ಗುರುಗಳು ಉಚ್ಚರಿಸಿದುದನ್ನು ಕೇಳಿದ ದಿನವೇ ಆ ಮಗುವಿನ ಮೌನ ಮುರಿದೀತು.