ಲ್ಯಾಕ್ಸ್‌ಟನ್: ಬೇಲಿಯಿಲ್ಲದ ಹೊಲಗಳ ಊರು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದಲ್ಲಿ, ರಾಬಿನ್‌ಹುಡ್ಡನ ಕಥೆಗಳಿಂದ ಜಗತ್ಪ್ರಸಿದ್ಧವಾದ ಶೆರ್ವುಡ್ ಅರಣ್ಯದ ಮೂಡಣ ದಿಕ್ಕಿಗೆ, ಕೆಂಪು ಜೇಡಿಮಣ್ಣಿನ ತಗ್ಗುದಿಣ್ಣೆಗಳ ನಡುವೆ, ಲ್ಯಾಕ್ಸ್‌ಟನ್ ಎಂಬ ಸಣ್ಣ ಗ್ರಾಮವೊಂದುಂಟು. ಕಣ್ಣು ಸೆಳೆಯುವ ಗಿರಿಶಿಖರಗಳಾಗಲಿ, ಹೆಸರಾಂತ ನದಿಯಾಗಲಿ ಅಲ್ಲಿಲ್ಲ. ಊರಿನ ಉತ್ತರಕ್ಕೆ ಹುಲ್ಲು ಹೊದ್ದ ಎತ್ತರವಾದ ಮಣ್ಣಿನ ದಿಬ್ಬವೊಂದು ಕಾಣುತ್ತದೆ. ನಾರ್ಮನ್ನರು ಕಟ್ಟಿದ್ದ ಕೋಟೆಯ ಅವಶೇಷವದು. 1086ರಲ್ಲಿ ವಿಜೇತನಾದ ವಿಲಿಯಂ ದೊರೆಯ ಆಜ್ಞೆಯಂತೆ ಸಿದ್ಧವಾದ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿ ಈ ಊರಿನ ಹೆಸರಿದೆ. ಟೋಕಿ ಎಂಬ ಹಳೆಯ ಒಡೆಯನ ಕೈಯಿಂದ ಇದು ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಸರದಾರನ ವಶಕ್ಕೆ ಹೋದ ಸಂಗತಿಯೂ ಇದೆ. ಕೋಟೆಗಳೂ ಸರದಾರರೂ ಇಂಗ್ಲೆಂಡಿನ ನೂರಾರು ಊರುಗಳಿಗೆ ಇದ್ದವರೇ. ಲ್ಯಾಕ್ಸ್‌ಟನ್ನಿನ ವೈಶಿಷ್ಟ್ಯವಿರುವುದು ಅದರ ಹೊಲಗಳಲ್ಲಿ, ಮತ್ತು ಆ ಹೊಲಗಳನ್ನು ಕಾಯುವ ಒಂದು ನ್ಯಾಯಸಭೆಯಲ್ಲಿ.

ಮಧ್ಯಯುಗದ ಇಂಗ್ಲೆಂಡಿನ ಬಹುಭಾಗದಲ್ಲಿ ಬೇಸಾಯವು ಒಂದೇ ಕ್ರಮದಲ್ಲಿ ನಡೆಯುತ್ತಿತ್ತು. ಊರಿಗೆಲ್ಲ ಸೇರಿ ಎರಡೋ ಮೂರೋ ವಿಶಾಲವಾದ ಹೊಲಗಳು. ಅವುಗಳಲ್ಲಿ ಬೇಲಿಯಿಲ್ಲ, ಗೋಡೆಯಿಲ್ಲ. ಒಬ್ಬೊಬ್ಬ ಒಕ್ಕಲಿಗನಿಗೂ ಪ್ರತಿಯೊಂದು ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಉದ್ದನೆಯ ಪಟ್ಟಿ. ಹೀಗೆ ಹಂಚಿಹೋಗಿದ್ದುದರಿಂದ ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರುತ್ತಿತ್ತು. ಮೊದಲನೆಯ ಹೊಲದಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತಿದ ಗೋಧಿ, ಎರಡನೆಯದರಲ್ಲಿ ವಸಂತದಲ್ಲಿ ಬಿತ್ತಿದ ಬೆಳೆ, ಮೂರನೆಯದು ಆ ವರ್ಷಕ್ಕೆ ಬೀಳು: ಈ ತ್ರೈವಾರ್ಷಿಕ ಚಕ್ರಕ್ಕೆ ಊರಿನ ಸಮಸ್ತರೂ ಬದ್ಧರು. ನನ್ನ ಪಟ್ಟಿಯಲ್ಲಿ ನನಗೆ ಬೇಕಾದುದನ್ನು ಬೇಕಾದಾಗ ಬೆಳೆಯುತ್ತೇನೆಂಬ ಮಾತಿಗೆ ಅಲ್ಲಿ ಎಡೆಯಿರಲಿಲ್ಲ.

ಈ ವ್ಯವಸ್ಥೆಯನ್ನು ಕೊನೆಗಾಣಿಸಿದುದು ಪಾರ್ಲಿಮೆಂಟು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಕಾಯಿದೆಗಳ ಬಲದಿಂದ, ಇಂಗ್ಲೆಂಡಿನ ಭೂಪ್ರದೇಶದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚೆನ್ನಬಹುದಾದಷ್ಟು ನೆಲಕ್ಕೆ ಬೇಲಿ ಬಿದ್ದಿತು. ಪಟ್ಟಿಗಳು ಒಗ್ಗೂಡಿ ಚೌಕಾಕಾರದ ಹೊಲಗಳಾದವು, ಶ್ರೀಮಂತರ ಹಿಡುವಳಿ ಹಿಗ್ಗಿತು, ಗೋಮಾಳವನ್ನೇ ನಂಬಿ ಒಂದು ಹಸು ಕಟ್ಟಿಕೊಂಡಿದ್ದ ಬಡವನು ಕೂಲಿಯಾದನು. ಇಂದು ಪ್ರವಾಸಿಗರು ಅಪ್ಪಟ ಇಂಗ್ಲಿಷ್ ಚೆಲುವೆಂದು ಕೊಂಡಾಡುವ ಆ ಹಸುರು ಬೇಲಿಗಳಲ್ಲಿ ಅನೇಕವು ಈ ಕಾಯಿದೆಗಳ ಸಂತಾನವೆಂಬುದನ್ನು ಮರೆಯತಕ್ಕದ್ದಲ್ಲ.

ಲ್ಯಾಕ್ಸ್‌ಟನ್ ಮಾತ್ರ ಉಳಿದುದು ಹೇಗೆ? ಪ್ರಾಚೀನ ಪದ್ಧತಿಯ ಮೇಲಣ ಭಕ್ತಿಯಿಂದ ಉಳಿಯಿತೆಂದು ಹೇಳುವುದು ಹಿತವಾದೀತು, ಆದರೆ ನಿಜವಾಗಲಾರದು. ಊರಿನ ನೆಲವು ಮುಖ್ಯವಾಗಿ ಮ್ಯಾನ್ವರ್ಸ್ ಮತ್ತು ಸ್ಕಾರ್ಬರೋ ಎಂಬ ಎರಡು ಜಮೀನ್ದಾರ ಮನೆತನಗಳ ನಡುವೆ ಹಂಚಿಹೋಗಿತ್ತು. ಬೇಲಿ ಹಾಕಬೇಕಾದರೆ ಇಬ್ಬರೂ ಒಪ್ಪಿ ನೆಲ ಬದಲಾಯಿಸಿಕೊಳ್ಳಬೇಕು; ಆ ಒಪ್ಪಂದ ಕೈಗೂಡಲಿಲ್ಲ. ಮುಂದೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಧಾನ್ಯದ ಬೆಲೆ ಕುಸಿದ ಬಳಿಕ ಆ ಖರ್ಚಿಗೆ ಕೈಹಾಕುವ ಉತ್ಸಾಹವೂ ಅಡಗಿತು. ಶ್ರೀಮಂತರ ಹೊಂದಾಣಿಕೆಯ ಕೊರತೆಯಿಂದ ಪರಂಪರೆಯೊಂದು ಬದುಕಿಕೊಂಡ ಅಪೂರ್ವ ನಿದರ್ಶನವಿದು.

ಅಲ್ಲಿಯ ಹಳೆಯ ಸ್ಥಿತಿಯನ್ನು ತಿಳಿಯಲು ನಮಗಿರುವ ಅಮೂಲ್ಯ ಸಾಧನ 1635ರ ಭೂಪಟ. ಆಗಿನ ಒಡೆಯನಾದ ಸರ್ ವಿಲಿಯಂ ಕೋರ್ಟನ್ ಎಂಬ ಲಂಡನ್ನಿನ ವರ್ತಕನಿಗಾಗಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನು ಪಟ್ಟಿಪಟ್ಟಿಯನ್ನೂ ಅಳೆದು ಇದನ್ನು ಬರೆದನು. ಮೂಲಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಕೇವಲ ಗೆರೆಗಳಿಂದ ತೃಪ್ತನಾಗದ ಪಿಯರ್ಸನು ಉಳುವವರನ್ನೂ, ಬೆಳೆ ಕೊಯ್ಯುವವರನ್ನೂ, ಬೇಟೆಗಾರರನ್ನೂ ಪುಟ್ಟ ಪುಟ್ಟ ಚಿತ್ರಗಳಲ್ಲಿ ಅಲ್ಲಲ್ಲಿ ಕೂರಿಸಿದ್ದಾನೆ. ಆ ಕಾಲದ ಸಾವಿರಾರು ಪಟ್ಟಿಗಳು ಈಗಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವುಗಳನ್ನು ಒಗ್ಗೂಡಿಸಿ ದೊಡ್ಡವು ಮಾಡಲಾಯಿತು. ಆದರೆ ಪಶ್ಚಿಮದ ಹೊಲ, ಗಿರಣಿಯ ಹೊಲ, ದಕ್ಷಿಣದ ಹೊಲ ಎಂಬ ಮೂರು ಬಯಲುಗಳೂ, ಅವುಗಳ ತಗ್ಗುಗಳಲ್ಲಿ ಉಳುಮೆಗೆ ಒಳಪಡದೆ ಹುಲ್ಲು ಬೆಳೆಯುವ ‘ಸೈಕ್’ ಎಂಬ ಜಾಗಗಳೂ ಇಂದಿಗೂ ಇವೆ. ನೇಗಿಲು ಕಾಣದ ಕಾರಣ ಸೈಕುಗಳಲ್ಲಿ ಕಾಡುಹೂಗಳು ದಂಡಿಯಾಗಿವೆ. ಅಲ್ಲಿಯ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕುವ ರೂಢಿಯುಂಟು.

ಬೇಲಿಯಿಲ್ಲದಲ್ಲಿ ಮರ್ಯಾದೆಯನ್ನು ಕಾಯುವವರು ಯಾರು? ನವೆಂಬರ್ ತಿಂಗಳ ಕಡೆಯ ಭಾಗದಲ್ಲಿ, ಗೋಧಿ ಬಿತ್ತನೆ ಮುಗಿದು ಮೊಳಕೆ ತಲೆಯೆತ್ತಿರುವಾಗ, ಹನ್ನೆರಡು ಮಂದಿ ಪಂಚರು ತಮ್ಮ ಮುಖ್ಯಸ್ಥನೊಡನೆ ಆ ವರ್ಷದ ಗೋಧಿಯ ಹೊಲಕ್ಕೆ ಹೊರಡುತ್ತಾರೆ. ಇವರಾರೂ ವಕೀಲರಲ್ಲ, ಅದೇ ಊರಿನ ರೈತರು. ಕಾಲಿಗೆ ಹತ್ತಿದ ಜೇಡಿಮಣ್ಣು ಹೆಜ್ಜೆಹೆಜ್ಜೆಗೂ ಬೂಟಿನ ತೂಕವನ್ನು ಹೆಚ್ಚಿಸುತ್ತಿರಲು, ಪಟ್ಟಿಯಿಂದ ಪಟ್ಟಿಗೆ ನಡೆದು, ಯಾರ ನೇಗಿಲು ದಾರಿಯೊಳಕ್ಕೆ ನುಗ್ಗಿದೆ, ಯಾರು ಸೈಕಿನ ಅಂಚನ್ನು ಒತ್ತಿ ಉತ್ತಿದ್ದಾರೆ, ಯಾರ ಕಾಲುವೆ ಕಸ ಕಟ್ಟಿದೆ ಎಂಬುದನ್ನು ಪರೀಕ್ಷಿಸುತ್ತಾರೆ. ಎಲ್ಲೆ ಮಾಸಿದ ಕಡೆಯಲ್ಲಿ ಗೂಟವನ್ನಿಟ್ಟು, ದೂರದ ಗೂಟದೊಡನೆ ಕಣ್ಣಳತೆಯಿಂದ ಸರಿನೋಡಿ, ಸುತ್ತಿಗೆಯಿಂದ ಬಡಿದು ನಿಲ್ಲಿಸುತ್ತಾರೆ. ಬದು ಒತ್ತುವ ಚಾಳಿ ನಮ್ಮ ಸೀಮೆಯ ರೈತನೊಬ್ಬನದೇ ಸೊತ್ತಲ್ಲವೆಂದು ತಿಳಿದು ಓದುಗರಿಗೆ ಸಮಾಧಾನವಾದೀತು.

ಇದಾದ ಒಂದು ವಾರಕ್ಕೆ ಊರಿನ ಡವ್‌ಕೋಟ್ ಎಂಬ ಪಾನಗೃಹದಲ್ಲಿ ನ್ಯಾಯಸಭೆ ಕೂಡುತ್ತದೆ. ಇದಕ್ಕೆ ‘ಕೋರ್ಟ್ ಲೀಟ್’ ಎಂದು ಹೆಸರು. ಪಂಚರು ಕಂಡುಹಿಡಿದ ಒತ್ತುವರಿಗಳನ್ನು ಅಲ್ಲಿ ಓದಿ, ತಪ್ಪಿತಸ್ಥರಿಗೆ ದಂಡ ವಿಧಿಸಿ, ಮುಂದಿನ ವರ್ಷದ ಪಂಚರಿಗೆ ಪ್ರಮಾಣವಚನ ಬೋಧಿಸುತ್ತಾರೆ. ದಂಡದ ಹಣ ಅಲ್ಪವೇ. ಆದರೆ ನೆರೆಹೊರೆಯವರೆಲ್ಲ ಕುಳಿತು ಕೇಳುತ್ತಿರುವಾಗ ತನ್ನ ಹೆಸರು ಹೊರಡುವುದು ಯಾವ ರೈತನಿಗೂ ಅಲ್ಪವೆನಿಸದು. ಈ ಸಭೆಯ ನಿಜವಾದ ಬಲವಿರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಇಂತಹ ಪುರಾತನ ಸಭೆಗಳ ನ್ಯಾಯಾಧಿಕಾರವನ್ನು 1977ರ ಕಾಯಿದೆಯೊಂದು ಇಂಗ್ಲೆಂಡಿನಾದ್ಯಂತ ಕಿತ್ತುಕೊಂಡಾಗಲೂ, ಲ್ಯಾಕ್ಸ್‌ಟನ್ನಿನದನ್ನು ಹಾಗೆಯೇ ಉಳಿಸಿತು.

ಒಡೆತನ ಮಾತ್ರ ಕೈ ಬದಲಾಯಿಸುತ್ತಲೇ ಬಂದಿದೆ. ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟು 1952ರಲ್ಲಿ ಊರನ್ನು ಸರ್ಕಾರದ ಕೃಷಿ ಇಲಾಖೆಗೆ ಮಾರಿತು. 1981ರಲ್ಲಿ ಅದು ರಾಜಪೀಠಕ್ಕೆ ಸೇರಿದ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಮರಳಿ ಥೋರ್ಸ್‌ಬಿಯ ಪಾಲಾಯಿತು. ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರುಗಳು ಬಂದಿವೆ. ಊರಿನ ಬೀದಿಯಲ್ಲೇ ಸಾಲಾಗಿ ನಿಂತ ಒಕ್ಕಲುಮನೆಗಳೂ, ಅಲೆದಾಡುವ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಯೂ ಇನ್ನೂ ಇವೆ. ಆ ಕಡೆಗೆ ಪ್ರಯಾಣ ಬೆಳೆಸುವ ಕನ್ನಡಿಗರು ಸಾಧ್ಯವಾದರೆ ಬೇಸಿಗೆಯನ್ನು ಬಿಟ್ಟು ನವೆಂಬರಿನ ಕೊನೆಯಲ್ಲಿ ಹೋಗಲಿ. ದಪ್ಪ ಬೂಟು ಮರೆಯದಿರಲಿ.