ಮೆದುಳಿಗೂ ಯಂತ್ರಕ್ಕೂ ನಡುವೆ ಕೂದಲಿದೆ

ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ಮಾಡಿಸಿಕೊಳ್ಳಲು ಬರುವವರಿಗೆ ಆಸ್ಪತ್ರೆಯವರು ಮೊದಲೇ ಹೇಳಿ ಕಳಿಸುವ ಮಾತೊಂದಿದೆ: ‘ತಲೆಸ್ನಾನ ಮಾಡಿ ಬನ್ನಿ, ಎಣ್ಣೆ ಹಚ್ಚಬೇಡಿ.’ ಮೆದುಳಿನ ಸಂಕೇತದಿಂದಲೇ ಗಾಲಿಕುರ್ಚಿ ನಡೆಸುವ, ಪರದೆಯ ಮೇಲೆ ಅಕ್ಷರ ಆರಿಸುವ ತಲೆಪಟ್ಟಿಗಳ ಸುದ್ದಿಯಲ್ಲಿ ಈ ಮಾತು ಕಾಣುವುದೇ ಇಲ್ಲ. ಆದರೆ ಲೋಹ ನೆತ್ತಿಯನ್ನು ಮುಟ್ಟುವ ಜಾಗ ಸರಿಯಿಲ್ಲದಿದ್ದರೆ ಹಿಂದಿರುವ ಕಂಪ್ಯೂಟರ್ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ.

1924ರಲ್ಲಿ ಜರ್ಮನಿಯ ಯೇನಾದಲ್ಲಿ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು, ಪ್ರಕಟಿಸಿದ್ದು 1929ರಲ್ಲಿ. ನೆತ್ತಿಯ ಮೇಲೆ ಸಿಗುವ ಈ ಅಲೆಗಳ ಬಲ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಹದಿನೈದು ಸಾವಿರದಲ್ಲಿ ಒಂದು ಪಾಲು, ಅದೂ ಹೆಚ್ಚೆಂದರೆ.

ದೇಹದೊಳಗೆ ವಿದ್ಯುತ್ತನ್ನು ಹೊರುವುದು ಸೋಡಿಯಂ, ಕ್ಲೋರೈಡ್‌ನಂಥ ಅಯಾನುಗಳು, ತಂತಿಯಲ್ಲಿ ಎಲೆಕ್ಟ್ರಾನುಗಳು. ಎರಡೂ ಸಂಧಿಸುವ ಗಡಿಯಲ್ಲಿ ವಿನಿಮಯ ಸಲೀಸಾಗಿ ನಡೆಯಬೇಕು. ನೆತ್ತಿಗೆ ತಾಗಿಸುವ ಬೆಳ್ಳಿ ಬಿಲ್ಲೆಗೆ (ಎಲೆಕ್ಟ್ರೋಡ್) ಬೆಳ್ಳಿ ಕ್ಲೋರೈಡಿನ ತೆಳು ಲೇಪ ಕೊಟ್ಟು, ಕೆಳಗೆ ಉಪ್ಪಿನಂಶದ ಜೆಲ್ ತುಂಬಿದರೆ ಅದು ಸಾಧ್ಯವಾಗುತ್ತದೆ. ಕ್ಲೋರೈಡ್ ಅಯಾನು ಲೇಪಕ್ಕೆ ಸೇರಿದಾಗ ಎಲೆಕ್ಟ್ರಾನೊಂದು ಲೋಹಕ್ಕೆ ದಾಟುತ್ತದೆ. ಅಯಾನು ಬಿಟ್ಟು ಹೋಗುವಾಗ ಎಲೆಕ್ಟ್ರಾನೂ ಮರಳುತ್ತದೆ. ಚಿನ್ನ, ಸ್ಟೀಲುಗಳಲ್ಲಿ ಇದು ಇಷ್ಟು ಸುಲಭವಲ್ಲ. ಗಡಿಯಲ್ಲಿ ವಿದ್ಯುದಂಶ ಜಮೆಯಾಗುತ್ತದೆ, ತಲೆ ತುಸು ಅಲುಗಿದರೂ ಕದಡುತ್ತದೆ. ಆಗ ಪರದೆಯ ಮೇಲೆ ಏಳುವ ಗೀಟು ಮೆದುಳಿನ ಅಲೆಯನ್ನೇ ಮುಳುಗಿಸಿಬಿಡುತ್ತದೆ.

ಅದರ ಮೇಲೆ ಚರ್ಮದ ತಕರಾರು. ಹೊರಗಿನ ಸತ್ತ ಕೋಶಗಳ ಪದರ 10–20 ಮೈಕ್ರೋಮೀಟರ್ ದಪ್ಪವಿದ್ದರೂ ವಿದ್ಯುತ್ತಿಗೆ ದೊಡ್ಡ ಅಡ್ಡಿ. ಹೀಗಾಗಿ ತಂತ್ರಜ್ಞರು ಕೂದಲು ಸರಿಸಿ, ತರಿಯಾದ ಪೇಸ್ಟಿನಿಂದ ನೆತ್ತಿಯನ್ನು ಒಂದೊಂದು ಬಿಂದುವಿನಲ್ಲೂ ಉಜ್ಜುತ್ತಾರೆ. ಜೆಲ್ ಕೆಲವೇ ಗಂಟೆಗಳಲ್ಲಿ ಒಣಗಿ, ಕೂದಲಿಗೆ ಅಂಟಿ ಗಟ್ಟಿಯಾಗುತ್ತದೆ. ಆಸ್ಪತ್ರೆಯ ಅರ್ಧ ಗಂಟೆಗೆ ಇದನ್ನೆಲ್ಲ ಸಹಿಸಬಹುದು, ದಿನವೂ ಬೇಕಾದವರಿಗೆ ಕಷ್ಟ. 1999ರಲ್ಲಿ ಟ್ಯೂಬಿಂಗೆನ್‌ನ ನೀಲ್ಸ್ ಬಿರ್ಬಾವ್ಮರ್ ತಂಡದ ನೆರವಿನಿಂದ, ಎಎಲ್‌ಎಸ್ ರೋಗದಿಂದ ಮೈ ಪೂರ್ತಿ ಸ್ವಾಧೀನ ತಪ್ಪಿದ್ದ ಇಬ್ಬರು ಮೆದುಳಿನ ಅಲೆಯಿಂದಲೇ ಅಕ್ಷರ ಆರಿಸಿ ಬರೆದರು. ಅಂಥವರ ಮನೆಯಲ್ಲಿ ಬೆಳಿಗ್ಗೆ ಜೆಲ್ ಹಚ್ಚಿ ರಾತ್ರಿ ತಲೆ ತೊಳೆಯುವವರು ಹೆಂಡತಿಯೋ ಮಗನೋ ಆಗಿರುತ್ತಾರೆ. ಎಲೆಕ್ಟ್ರೋಡಿನ ಬೆಲೆ ಕಟ್ಟಬೇಕಾದ್ದು ಅವರ ಕೈಯಳತೆಯಲ್ಲಿ.

ಜೆಲ್ಲಿನ ಬದಲಿಗೆ ಹೊಸ ವಸ್ತುಗಳಿಗೇನೂ ಕೊರತೆಯಿಲ್ಲ. ಅವುಗಳಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಪೆಡಾಟ್-ಪಿಎಸ್‌ಎಸ್ ಎಂಬ ಪಾಲಿಮರ್. ಅದು ಮೆದು, ಅಯಾನುಗಳನ್ನೂ ಎಲೆಕ್ಟ್ರಾನುಗಳನ್ನೂ ಸಾಗಿಸಬಲ್ಲದು. 2024ರ ಡಿಸೆಂಬರ್‌ನಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ನಾನ್‌ಶು ಲು ಮತ್ತು ಸಂಗಡಿಗರು ಇದರ ಶಾಯಿಯನ್ನೇ ಇಂಕ್‌ಜೆಟ್ ಪ್ರಿಂಟರಿನಂಥ ಯಂತ್ರದಿಂದ ನೇರ ನೆತ್ತಿಯ ಮೇಲೆ ಮುದ್ರಿಸಿದ್ದನ್ನು ಪ್ರಕಟಿಸಿದರು. ಜೆಲ್ ಆರು ಗಂಟೆಗಳಲ್ಲಿ ಒಣಗತೊಡಗಿದರೆ ಈ ಹಚ್ಚೆ ಒಂದಿಡೀ ದಿನ ಕೆಲಸ ಮಾಡಿತು. ಆದರೆ ಪರೀಕ್ಷೆಗೆ ಕೂತವರು ಐದೇ ಮಂದಿ, ಎಲ್ಲರದೂ ಗಿಡ್ಡ ಕೂದಲು.

ಕೂದಲಿನ ಗೊಡವೆಯೇ ಬೇಡವೆಂದು ಕಿವಿಯ ಸುತ್ತ ಅಂಟಿಸುವ ಪಟ್ಟಿಗಳೂ ಬಂದಿವೆ. ನಿದ್ದೆ, ಗಮನಗಳನ್ನು ಅಳೆಯಲು ಅವು ಒಳ್ಳೆಯವು. ಕೈ ಆಡಿಸುವ ಯೋಚನೆಯನ್ನು ಹಿಡಿಯಬೇಕೆಂದರೆ ಮಾತ್ರ ನೆತ್ತಿಯ ಎರಡೂ ಬದಿಗೆ, ಕೂದಲು ದಟ್ಟವಾಗಿರುವಲ್ಲಿಗೇ, ಹೋಗಬೇಕು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆರ್ನೆಲ್ ಎಟಿಯೆನ್, ಪ್ರಾಧ್ಯಾಪಕ ಪುಲ್ಕಿತ್ ಗ್ರೋವರ್ ಅವರೊಂದಿಗೆ ಸೇರಿ, ಬೇರೆಯೇ ತುದಿಯಿಂದ ಹೊರಟರು. ಆಫ್ರಿಕನ್ ಮೂಲದವರ ಗುಂಗುರು ಕೂದಲಲ್ಲಿ ಎಲೆಕ್ಟ್ರೋಡುಗಳ ಮಾಮೂಲಿ ಟೋಪಿ ನೆತ್ತಿಗೆ ಕೂರುವುದೇ ಇಲ್ಲ. ಎಲೆಕ್ಟ್ರೋಡ್ ಇಡಬೇಕಾದ ಬಿಂದುಗಳು ತೆರೆದುಕೊಳ್ಳುವಂತೆ ಕೂದಲನ್ನು ಸಾಲು ಸಾಲಾಗಿ ಹೆಣೆದು, ಆ ಜಡೆಗಳಡಿ ಸಿಕ್ಕಿಕೊಳ್ಳುವ ಕ್ಲಿಪ್ ಮಾಡಿದರು. ಸಂಪರ್ಕ ಗಣನೀಯವಾಗಿ ಸುಧಾರಿಸಿತು.

ನಮ್ಮಲ್ಲೂ ಎರಡು ಜಡೆ ಹಾಕುವಾಗ ಬೈತಲೆ ಹಣೆಯಿಂದ ಹಿಂದಲೆಯವರೆಗೆ ತಲೆಯ ನಡುಗೆರೆಯ ಮೇಲೇ ಹಾಯುತ್ತದೆ. ಮಿನುಗುವ ಅಕ್ಷರಗಳಲ್ಲಿ ಬೇಕಾದ್ದನ್ನು ಕಂಡಾಗ, ಸುಮಾರು 300 ಮಿಲಿಸೆಕೆಂಡಿನ ನಂತರ ಏಳುವ ಪಿ300 ಅಲೆ ಚೆನ್ನಾಗಿ ಸಿಗುವುದೂ ಈ ಗೆರೆಯ ಮೇಲೇ. 1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ತೋರಿಸಿದ ಅಕ್ಷರಫಲಕ ನಿಂತಿರುವುದು ಅದೇ ಅಲೆಯ ಮೇಲೆ. ಬೈತಲೆಗುಂಟ ಮಲಗುವ ಮೆದು ಪಾಲಿಮರ್ ಪಟ್ಟಿಯೊಂದನ್ನು ಉದ್ದ ಕೂದಲಿನವರ ಮೇಲೆ, ಎಣ್ಣೆ ಹಚ್ಚಿದ ತಲೆಯ ಮೇಲೂ, ಪರೀಕ್ಷಿಸಿ ನೋಡುವ ಕೆಲಸವನ್ನು ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳೇ ಕೈಗೆತ್ತಿಕೊಳ್ಳಬಹುದು.